ಕೇಂದ್ರದ ಕೊರತೆ ಎಷ್ಟಾದೀತು? ಅಂದಾಜಿಗೆ ಯಾವ ದಾರಿ ಹಿಡಿಯಬೇಕು

2018ರ ನವೆಂಬರ್ ಮುಗಿದಾಗ ಕೇಂದ್ರ ಸರ್ಕಾರದ ವಿತ್ತೀಯ ಕೊರತೆ ಇಡೀ ವರ್ಷದ ಗುರಿಯ ಶೇ 114.8 ಆಗಿತ್ತು. 2019ರ ನವೆಂಬರ್ ಮುಗಿದಾಗಲೂ ಅಷ್ಟೇ, ಶೇ 114.8. ಒಂದು ದಶಾಂಶವೂ ಆಚೆ ಈಚೆ ಇಲ್ಲ. ಮೊದಲನೇ ವರ್ಷ ಮಾರ್ಚ್ ಕೊನೆಗೆ ಕೊರತೆ ಜಿಡಿಪಿಯ ಶೇ 3.4ಕ್ಕೆ ನಿಂತಿತು. ಗುರಿ 3.3 ಇತ್ತು, ಹಾಗಾಗಿ ಹೆಚ್ಚುಕಡಿಮೆ ಸರಿಯೇ. ಎರಡನೇ ವರ್ಷವೂ ಗುರಿ 3.3, ಆದರೆ ಮುಗಿದದ್ದು 4.6ಕ್ಕೆ. ಕೊರೊನಾ ಅಂತ ಹೇಳಿಬಿಡಬಹುದು. ಆದರೆ ಲಾಕ್‌ಡೌನ್ ಶುರುವಾಗಿದ್ದು 2020ರ ಮಾರ್ಚ್ 25ಕ್ಕೆ, ವರ್ಷ ಮುಗಿಯಲು ಒಂದೇ ವಾರ ಇದ್ದಾಗ. ಅಷ್ಟು ದೊಡ್ಡ ಹೊಂಡ ಒಂದು ವಾರದಲ್ಲಿ ಬೀಳುವುದಿಲ್ಲ.

ಆ ವರ್ಷ ನಾನು ಬರೆದಿಟ್ಟ ಅಂಕಿ 3.5. ನವೆಂಬರಿನ ಲೆಕ್ಕ ನೋಡಿ, ಹೋದ ವರ್ಷದ ಹಾಗೇ ಇದೆಯಲ್ಲ, ಹಾಗೇ ಮುಗಿಯುತ್ತದೆ ಅಂದುಕೊಂಡೆ. ಕಣ್ಣೆದುರಿಗೇ ಇದ್ದ ಇನ್ನೊಂದು ಅಂಕಿಯನ್ನು ತೆಗೆದು ನೋಡಲಿಲ್ಲ. ಅದು ಯಾವುದು ಅಂತ ಮುಂದೆ ಹೇಳುತ್ತೇನೆ.

ನಾನು ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಲೆಕ್ಕಪತ್ರ ಬರೆದುಕೊಡುವವನು. ಒಂದು ಸಣ್ಣ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲೂ ಇದ್ದೇನೆ. ಸಂಘದ ಹಣವನ್ನು ಎಷ್ಟು ವರ್ಷಕ್ಕೆ ಠೇವಣಿ ಇಡಬೇಕು ಅನ್ನುವ ಮಾತು ಬಂದಾಗಲೆಲ್ಲ ಬಡ್ಡಿ ಏರುತ್ತದೋ ಇಳಿಯುತ್ತದೋ ಅನ್ನುವ ಪ್ರಶ್ನೆ ಬರುತ್ತದೆ. ಅದರ ಬೆನ್ನಿಗೇ ಕೇಂದ್ರ ಎಷ್ಟು ಸಾಲ ಎತ್ತುತ್ತದೆ ಅನ್ನುವುದೂ ಬರುತ್ತದೆ. ಹಾಗೆ ಹತ್ತಿಕೊಂಡ ಅಭ್ಯಾಸ ಇದು. ಈಗ ನಾವು ನಾಲ್ಕು ಜನ ಇದ್ದೇವೆ: ಕುಮಟಾದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಕಾರವಾರದಲ್ಲಿ ಅರ್ಥಶಾಸ್ತ್ರ ಕಲಿಸುವ ಮೇಷ್ಟ್ರು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ಅಕ್ಕನ ಮಗ, ಮತ್ತೆ ನಾನು. ವರ್ಷಕ್ಕೆ ಮೂರು ಸಲ ಅಂಕಿ ಬರೆದು, ದಿನಾಂಕ ಹಾಕಿ, ಒಂದೇ ಪುಸ್ತಕದಲ್ಲಿ ಇಡುತ್ತೇವೆ. ಒಬ್ಬೊಬ್ಬರ ದಾರಿ ಒಂದೊಂದು. ಯಾವ ದಾರಿ ಯಾವಾಗ ಕೆಲಸಕ್ಕೆ ಬರುತ್ತದೆ, ಯಾವಾಗ ಕೈ ಕೊಡುತ್ತದೆ ಅಂತ ಇಷ್ಟು ವರ್ಷದಲ್ಲಿ ಕಂಡಿದ್ದನ್ನು ಬರೆಯುತ್ತಿದ್ದೇನೆ. ಪರೀಕ್ಷೆಗೆ ಓದುವವರಿಗೂ, ಸಂಘ ಸಂಸ್ಥೆಯ ಹಣ ನೋಡಿಕೊಳ್ಳುವವರಿಗೂ, ಸುಮ್ನೆ ತಿಳಿದುಕೊಳ್ಳುವ ಆಸಕ್ತಿ ಇರುವವರಿಗೂ ಆಗಲಿ ಅಂತ.

ಯಾವ ಅಂಕಿಯ ಬೆನ್ನು ಹತ್ತಿದ್ದೇವೆ

ಲೆಕ್ಕ ಸರಳ. ಸರ್ಕಾರದ ಒಟ್ಟು ಖರ್ಚಿನಿಂದ ಸಾಲ ಬಿಟ್ಟು ಬಾಕಿ ಎಲ್ಲ ಜಮೆಯನ್ನು ಕಳೆದರೆ ಉಳಿಯುವುದೇ ವಿತ್ತೀಯ ಕೊರತೆ. 2025-26ರ ಬಜೆಟ್ ತೆಗೆದುಕೊಳ್ಳಿ. ಖರ್ಚು 50.65 ಲಕ್ಷ ಕೋಟಿ ರೂಪಾಯಿ. ಜಮೆಯಲ್ಲಿ ಕೇಂದ್ರಕ್ಕೆ ಉಳಿಯುವ ತೆರಿಗೆ 28.37 ಲಕ್ಷ ಕೋಟಿ, ತೆರಿಗೆಯಲ್ಲದ ಆದಾಯ 5.83 ಲಕ್ಷ ಕೋಟಿ, ಸರ್ಕಾರಿ ಕಂಪನಿಗಳ ಷೇರು ಮಾರಾಟ ಮತ್ತು ಹಳೇ ಸಾಲದ ವಸೂಲಿ ಸೇರಿ 0.76 ಲಕ್ಷ ಕೋಟಿ. ಒಟ್ಟು 34.96. ಕಳೆದರೆ 15.69 ಲಕ್ಷ ಕೋಟಿ. ಆ ಬಜೆಟ್ಟಿನಲ್ಲಿ ಜಿಡಿಪಿಯನ್ನು ಸುಮಾರು 357 ಲಕ್ಷ ಕೋಟಿ ಅಂತ ಹಿಡಿದಿದ್ದರು. ಹಾಗಾಗಿ ಶೇ 4.4.

ಈಗ ಒಂದು ಎಚ್ಚರಿಕೆ. ರೂಪಾಯಿಯ ಅಂದಾಜು ಬೇರೆ, ಶೇಕಡಾವಾರು ಅಂದಾಜು ಬೇರೆ. 2022-23ರಲ್ಲಿ ಬಜೆಟ್ ಹೇಳಿದ್ದು 16.61 ಲಕ್ಷ ಕೋಟಿ, ಕೊನೆಗೆ ಆಗಿದ್ದು 17.38 ಲಕ್ಷ ಕೋಟಿ. ಎಪ್ಪತ್ತೇಳು ಸಾವಿರ ಕೋಟಿ ಜಾಸ್ತಿ. ಆದರೂ ಶೇಕಡಾ ಲೆಕ್ಕದಲ್ಲಿ ಬಜೆಟ್ಟಿನಲ್ಲೂ 6.4, ಕೊನೆಗೂ 6.4! ಬೆಲೆ ಏರಿಕೆಯಿಂದ ಚಾಲ್ತಿ ಬೆಲೆಯ ಜಿಡಿಪಿ ಅಂದಾಜಿಗಿಂತ ಜೋರಾಗಿ ಬೆಳೆದಿತ್ತು, ಭಾಗಿಸುವ ಅಂಕಿಯೇ ದೊಡ್ಡದಾಯಿತು. ಇದರ ಉಲ್ಟಾವೂ ಆಗುತ್ತದೆ. 15.69 ಲಕ್ಷ ಕೋಟಿಯನ್ನು ಒಂದು ರೂಪಾಯಿಯೂ ಮೀರದೆ ಉಳಿಸಿಕೊಂಡರೂ ಜಿಡಿಪಿ 357ರ ಬದಲು 350 ಆದರೆ ಕೊರತೆ ಸುಮಾರು 4.5 ಅಂತ ಕಾಣುತ್ತದೆ. ಠೇವಣಿ, ಬಾಂಡ್, ಬಡ್ಡಿ ನೋಡುವವರಿಗೆ ಬೇಕಾದದ್ದು ರೂಪಾಯಿ, ಯಾಕೆಂದರೆ ಸಾಲ ಎತ್ತುವುದು ರೂಪಾಯಿಯಲ್ಲೇ. ಪೇಪರ್ ತಲೆಬರಹಕ್ಕೆ ಬರುವುದು ಶೇಕಡಾ. ಎರಡನ್ನೂ ಬೇರೆ ಬೇರೆ ಬರೆದಿಡಿ.

ಇನ್ನೊಂದು, ಐಎಂಎಫ್ ಹೇಳುವ ಭಾರತದ ಕೊರತೆ ನೋಡಿ ಗಾಬರಿ ಆಗಬೇಡಿ. ಅದರಲ್ಲಿ ರಾಜ್ಯಗಳ ಕೊರತೆಯೂ ಸೇರಿರುತ್ತದೆ, ಅದಕ್ಕೇ ಯಾವಾಗಲೂ ಜಾಸ್ತಿ. ಕೇಂದ್ರದ 4.4ರ ಪಕ್ಕದಲ್ಲಿ ಅದನ್ನಿಟ್ಟು ಹೋಲಿಸುವಂತಿಲ್ಲ.

ಸರ್ಕಾರದ ಅಂಕಿಯನ್ನೇ ಹಿಡಿಯುವುದು

ಎಲ್ಲಕ್ಕಿಂತ ಸುಲಭದ ದಾರಿ. ಫೆಬ್ರವರಿ 1ಕ್ಕೆ ಬಜೆಟ್ ಬಂತು, ಅದರಲ್ಲಿ ಬರೆದಿದ್ದನ್ನೇ ನಮ್ಮ ಅಂದಾಜು ಅಂತ ಇಟ್ಟುಕೊಳ್ಳುವುದು. ಸೋಮಾರಿ ದಾರಿ ಅಂತ ಕಂಡರೂ ಇದನ್ನು ಹಗುರವಾಗಿ ನೋಡಬೇಡಿ. 2021-22ರಲ್ಲಿ ಗುರಿ 6.8, ಆಗಿದ್ದು 6.7. 2022-23ರಲ್ಲಿ 6.4ಕ್ಕೆ 6.4. 2023-24ರಲ್ಲಿ 5.9ಕ್ಕೆ 5.6. 2024-25ರ ಜುಲೈ ಬಜೆಟ್ಟಿನಲ್ಲಿ 4.9, ತಾತ್ಕಾಲಿಕ ಲೆಕ್ಕದಲ್ಲಿ (ವರ್ಷ ಮುಗಿದ ಮೇಲೆ ಮೇ ಕೊನೆಗೆ ಬರುವ ಲೆಕ್ಕ) 4.8. ಈ ನಾಲ್ಕು ವರ್ಷ ಬಜೆಟ್ಟನ್ನೇ ನಂಬಿದವನು ನಮ್ಮ ನಾಲ್ವರಿಗಿಂತ ಚೆನ್ನಾಗಿ ಹೇಳಿದ್ದಾನೆ.

ಆದರೆ ಒಳಗಿನ ಸಾಲುಗಳನ್ನು ನೋಡಿದರೆ ಕಥೆ ಬೇರೆ. 2021-22ರಲ್ಲಿ ಒಟ್ಟು ತೆರಿಗೆ 22.17 ಲಕ್ಷ ಕೋಟಿ ಬರುತ್ತದೆ ಅಂದಿದ್ದರು, ಬಂದಿದ್ದು 27.09. ಸುಮಾರು 5 ಲಕ್ಷ ಕೋಟಿ ಜಾಸ್ತಿ. ಷೇರು ಮಾರಾಟದಿಂದ 1.75 ಲಕ್ಷ ಕೋಟಿ ಅಂದಿದ್ದರು, 15 ಸಾವಿರ ಕೋಟಿಯೂ ಆಗಲಿಲ್ಲ. ಖರ್ಚು 34.83 ಅಂದಿದ್ದು 37.94 ಲಕ್ಷ ಕೋಟಿಗೆ ಏರಿತು. ಮೂರು ಕಡೆ ದೊಡ್ಡ ತಪ್ಪು, ಕೊರತೆ ಮಾತ್ರ ಹೇಳಿದಲ್ಲೇ. ಯಾಕೆ ಅಂದರೆ, ಸರ್ಕಾರ ಕೊರತೆಯ ಗುರಿಯನ್ನು ಕೈಯಲ್ಲಿ ಹಿಡಿದುಕೊಂಡೇ ವರ್ಷ ನಡೆಸುತ್ತದೆ. ಜಮೆ ಜಾಸ್ತಿ ಬಂದರೆ ಖರ್ಚು ಬಿಚ್ಚುತ್ತದೆ, ಕಡಿಮೆಯಾದರೆ ಬಿಗಿ ಮಾಡುತ್ತದೆ.

ಹಾಗಾಗಿ ನಿಮಗೆ ಬೇಕಾದದ್ದು ಕೊರತೆ ಒಂದೇ ಆದರೆ ಈ ದಾರಿ ಒಳ್ಳೆಯದು. ಆದಾಯ ಎಷ್ಟು, ಖರ್ಚು ಎಷ್ಟು ಅಂತ ಬೇಕಾದರೆ ಸಾಲದು. ಮತ್ತೆ 2019-20ರಂಥ ವರ್ಷ ಬಂದರೆ, 2020-21ರಂಥ ವರ್ಷ ಬಂದರೆ, ಆಗ ಇದು ಪೂರ್ತಿ ಕೈ ಬಿಡುತ್ತದೆ. 2020-21ರಲ್ಲಿ 3.5 ಅಂದಿದ್ದು 9.2ಕ್ಕೆ ಹೋಯಿತು.

ಜಿಡಿಪಿಗೆ ಗುಣಿಸುವುದು

ಕಾರವಾರದ ಮೇಷ್ಟ್ರ ದಾರಿ ಇದು. ನಮ್ಮ ಕಡೆ ತೋಟದ ಫಸಲು ಹೇಳುವವರಲ್ಲಿ ಒಂದು ಬಗೆಯವರಿದ್ದಾರೆ. ಅಂಗಳದಲ್ಲಿ ಕೂತು, ಹೋದ ವರ್ಷ ಎಷ್ಟು ಕ್ವಿಂಟಲ್ ಆಗಿತ್ತು, ಈ ಸಲ ಮಳೆ ಹೇಗೆ, ಕೊಳೆ ರೋಗ ಬಂತೋ ಇಲ್ಲವೋ ಅಂತ ಕೇಳಿ ಒಂದು ಅಂಕಿ ಹೇಳಿಬಿಡುತ್ತಾರೆ. ತೋಟದೊಳಗೆ ಕಾಲಿಡುವುದೇ ಇಲ್ಲ. ಮೇಷ್ಟ್ರೂ ಹಾಗೇ. ಚಾಲ್ತಿ ಬೆಲೆಯ ಜಿಡಿಪಿ ಶೇ 10 ಬೆಳೆದರೆ ತೆರಿಗೆ ಎಷ್ಟು ಬೆಳೆಯುತ್ತದೆ? ಶೇ 10 ಬೆಳೆದರೆ ಗುಣಕ ಒಂದು, ಶೇ 12 ಬೆಳೆದರೆ 1.2. 2023-24ರಲ್ಲಿ ಜಿಡಿಪಿ ಆಗಿನ ಅಂದಾಜಿನ ಪ್ರಕಾರ ಶೇ 9.6ರ ಸುಮಾರು ಬೆಳೆದಾಗ ಒಟ್ಟು ತೆರಿಗೆ ಶೇ 13.5ರಷ್ಟು ಬೆಳೆದು 34.65 ಲಕ್ಷ ಕೋಟಿ ಆಯಿತು. ಗುಣಕ 1.4. 2025-26ರ ಬಜೆಟ್ಟಿನಲ್ಲಿ ಜಿಡಿಪಿ ಶೇ 10.1, ತೆರಿಗೆ ಶೇ 10.8 ಅಂತ ಇಟ್ಟಿದ್ದರು, ಅಂದರೆ 1.07.

ವರ್ಷ ಶುರುವಾಗುವ ಮೊದಲೇ ಅಂಕಿ ಹೇಳಬೇಕು ಅಂದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಎಲ್ಲ ತೆರಿಗೆಗೂ ಒಂದೇ ಗುಣಕ ಹಾಕುವುದು ಮಾತ್ರ ತಪ್ಪು. ಪೆಟ್ರೋಲ್ ಡೀಸೆಲ್ ಮೇಲಿನ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಅಂತ ಇರುತ್ತದೆ. ಬೆಲೆ ಏರಿದರೆ ಅದು ಏರುವುದಿಲ್ಲ, ಲೀಟರ್ ಜಾಸ್ತಿ ಖರ್ಚಾದರೆ ಮಾತ್ರ ಏರುತ್ತದೆ. 2022ರ ಮೇ ತಿಂಗಳಲ್ಲಿ ಪೆಟ್ರೋಲಿಗೆ 8 ರೂಪಾಯಿ, ಡೀಸೆಲ್ಲಿಗೆ 6 ರೂಪಾಯಿ ಇಳಿಸಿದಾಗ ಜಿಡಿಪಿ ಎಷ್ಟೇ ಜೋರಾಗಿ ಬೆಳೆಯುತ್ತಿದ್ದರೂ ಆ ಸಾಲು ಬಡವಾಯಿತು. ಜಿಎಸ್‌ಟಿ ಬೆಲೆಯ ಜೊತೆಗೇ ಏರುತ್ತದೆ. ಕಂಪನಿ ತೆರಿಗೆ ಲಾಭದ ಜೊತೆ ಕುಣಿಯುತ್ತದೆ. ಕಸ್ಟಮ್ಸ್ ಸುಂಕ ಸರ್ಕಾರದ ಒಂದು ಅಧಿಸೂಚನೆಯಿಂದಲೇ ಬದಲಾಗಬಹುದು, 2024ರ ಜುಲೈನಲ್ಲಿ ಚಿನ್ನದ ಸುಂಕ ಶೇ 15ರಿಂದ ಶೇ 6ಕ್ಕೆ ಇಳಿದ ಹಾಗೆ. ಆದಾಯ ತೆರಿಗೆಯೂ ಸೇರಿ ಐದು ತೆರಿಗೆಗೆ ಐದು ಗುಣಕ ಇಟ್ಟುಕೊಳ್ಳಿ. ಜಾಸ್ತಿ ಕೆಲಸ ಏನಿಲ್ಲ, ಒಂದು ಸಂಜೆಯ ಲೆಕ್ಕ.

ಈಗ ನಾನು 2019ರಲ್ಲಿ ನೋಡದೇ ಬಿಟ್ಟ ಅಂಕಿಗೆ ಬರುತ್ತೇನೆ. 2019ರ ಜುಲೈ ಬಜೆಟ್ಟಿನಲ್ಲಿ ಒಟ್ಟು ತೆರಿಗೆ 24.61 ಲಕ್ಷ ಕೋಟಿ ಬರುತ್ತದೆ ಅಂತ ಬರೆದಿದ್ದರು. ಹಿಂದಿನ ವರ್ಷದ ಪರಿಷ್ಕೃತ ಅಂದಾಜು, ಅಂದರೆ ವರ್ಷ ಮುಗಿಯುವ ಮೊದಲೇ ಫೆಬ್ರವರಿಯಲ್ಲಿ ತಿದ್ದಿ ಬರೆದ ಅಂಕಿ, 22.48 ಲಕ್ಷ ಕೋಟಿ ಇತ್ತು, ಅದಕ್ಕೆ ಹೋಲಿಸಿದರೆ ಶೇ 9.5 ಏರಿಕೆ. ಆಗಬಹುದಾದ ಮಾತೇ, ಅಲ್ವಾ? ಆದರೆ ಹಿಂದಿನ ವರ್ಷ ನಿಜಕ್ಕೂ ಬಂದಿದ್ದು 20.80 ಲಕ್ಷ ಕೋಟಿ ಮಾತ್ರ. ಆ ಖೋತಾ ಮೇ 31ರ ತಾತ್ಕಾಲಿಕ ಲೆಕ್ಕದಲ್ಲೇ ಕಾಣುತ್ತಿತ್ತು, ಬಜೆಟ್ಟಿಗೆ ಒಂದು ತಿಂಗಳ ಮೊದಲೇ. ನಿಜವಾದ ಬುಡದಿಂದ ಲೆಕ್ಕ ಹಾಕಿದರೆ 24.61 ತಲುಪಲು ಶೇ 18 ಏರಬೇಕು. ಆರ್ಥಿಕತೆ ಆಗಲೇ ನಿಧಾನ ಆಗಿತ್ತು. ಮೇಲಿಂದ ಸೆಪ್ಟೆಂಬರ್ 20ಕ್ಕೆ ಕಂಪನಿ ತೆರಿಗೆಯನ್ನು ಶೇ 22ಕ್ಕೆ ಇಳಿಸಿದರು. ಅದರಿಂದ 1.45 ಲಕ್ಷ ಕೋಟಿ ಕಡಿಮೆಯಾಗುತ್ತದೆ ಅಂತ ಸರ್ಕಾರವೇ ಹೇಳಿತ್ತು. ಕೊನೆಗೆ ಬಂದಿದ್ದು 20.10 ಲಕ್ಷ ಕೋಟಿ, ಹಿಂದಿನ ವರ್ಷಕ್ಕಿಂತಲೂ ಕಡಿಮೆ.

ಅಂದಿನಿಂದ ನಾನು ಮೊದಲು ನೋಡುವುದೇ ಬುಡ. ಬಜೆಟ್ ಪುಸ್ತಕದಲ್ಲಿ ಶೇಕಡಾ ಏರಿಕೆಯನ್ನು ಪರಿಷ್ಕೃತ ಅಂದಾಜಿನ ಮೇಲೆ ಹಾಕಿರುತ್ತಾರೆ, ಯಾಕೆಂದರೆ ಫೆಬ್ರವರಿಯಲ್ಲಿ ಅವರ ಕೈಯಲ್ಲಿ ಇರುವುದೂ ಅಷ್ಟೇ. ಮೇ 31ಕ್ಕೆ ನಿಜದ ಅಂಕಿ ಬಂದ ಮೇಲೆ ನೀವು ಅದನ್ನು ಮತ್ತೆ ಹಾಕಿ ನೋಡಲೇಬೇಕು. ಈ ಒಂದು ಕೆಲಸ ಮಾಡಿದ್ದರೆ 2019ರ ಜುಲೈ ತಿಂಗಳಲ್ಲೇ ನನಗೆ ಗೊತ್ತಾಗುತ್ತಿತ್ತು.

ರಾಜ್ಯಗಳ ಪಾಲನ್ನೂ ಮರೆಯಬೇಡಿ. 2025-26ರವರೆಗೆ 15ನೇ ಹಣಕಾಸು ಆಯೋಗದ ಪ್ರಕಾರ ಹಂಚಬೇಕಾದ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ ಹೋಗುತ್ತಿತ್ತು. ಆದರೆ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್‌ಚಾರ್ಜ್ ಹಂಚಿಕೆಗೆ ಬರುವುದಿಲ್ಲ. 2025-26ರ ಬಜೆಟ್ಟಿನಲ್ಲಿ 42.70 ಲಕ್ಷ ಕೋಟಿ ಒಟ್ಟು ತೆರಿಗೆಯಲ್ಲಿ ರಾಜ್ಯಗಳಿಗೆ 14.22 ಲಕ್ಷ ಕೋಟಿ, ಅಂದರೆ ಮೂರನೇ ಒಂದು ಭಾಗ. ಹಾಗಾಗಿ ತೆರಿಗೆ ಒಂದು ಲಕ್ಷ ಕೋಟಿ ಕಡಿಮೆ ಬಂದರೆ ಕೇಂದ್ರದ ಕೊರತೆ ಪೂರ್ತಿ ಒಂದು ಲಕ್ಷ ಕೋಟಿ ಹೆಚ್ಚುವುದಿಲ್ಲ, ಸುಮಾರು 67 ಸಾವಿರ ಕೋಟಿ ಹೆಚ್ಚುತ್ತದೆ. ಉಳಿದ ಪೆಟ್ಟು ರಾಜ್ಯಗಳಿಗೆ. ಕರ್ನಾಟಕದ ಪಾಲು ಹಿಂದಿನ ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದ ನೋವು ನಮಗೆಲ್ಲ ಇದೆ. ಕೇಂದ್ರದ ಲೆಕ್ಕ ನೋಡುವಾಗ ಈ ಸಾಲಿನ ಹತ್ತಿರ ನಾನು ಪ್ರತಿ ಸಲ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಡಿಕೆ ಕೊನೆ (ಗೊನೆ) ಎಣಿಸುವುದು

ಫಸಲು ಹೇಳುವವರಲ್ಲಿ ಇನ್ನೊಂದು ಬಗೆ, ಫಸಲು ಗುತ್ತಿಗೆ ಹಿಡಿಯುವವರು. ಕತ್ತು ಮೇಲೆತ್ತಿಕೊಂಡು ತೋಟವಿಡೀ ತಿರುಗುತ್ತಾರೆ. ಯಾವ ಮರದಲ್ಲಿ ಎಷ್ಟು ಕೊನೆ, ಯಾವ ಕೊನೆ ತುಂಬಿದೆ, ಯಾವುದರಲ್ಲಿ ಕಾಯಿ ಉದುರಿದೆ ಅಂತ ನೋಡುತ್ತಾರೆ. ತಪ್ಪಿದರೆ ಅವರ ಸ್ವಂತ ದುಡ್ಡು ಹೋಗುತ್ತದೆ. ಕುಮಟಾದ ಮ್ಯಾನೇಜರ್ ಸಾಹೇಬ್ರು ಬಜೆಟ್ಟನ್ನು ಓದುವುದು ಹೀಗೆ, ಸಾಲು ಸಾಲಾಗಿ.

ಖರ್ಚಿನ ಅಂದಾಜಿಗೆ ಇದೇ ಸರಿ. ಖರ್ಚನ್ನು ಜಿಡಿಪಿಗೆ ಗುಣಿಸಿದರೆ ಅರ್ಥವಿಲ್ಲ, ಅದರಲ್ಲಿ ಬಹುಪಾಲು ಮೊದಲೇ ಗೊತ್ತಿರುವುದು. 2025-26ರ ಬಜೆಟ್ಟಿನಲ್ಲಿ ಬಡ್ಡಿ ಒಂದೇ 12.76 ಲಕ್ಷ ಕೋಟಿ, ಒಟ್ಟು ಖರ್ಚಿನ ಕಾಲು ಭಾಗ. ಅದು ಹಿಂದೆ ಮಾಡಿದ ಸಾಲದ ಬಡ್ಡಿ, ಹಾಗಾಗಿ ಬಹಳ ತಪ್ಪುವುದಿಲ್ಲ. ಸಂಬಳ, ಪಿಂಚಣಿಯೂ ಹಾಗೇ. ಇವುಗಳ ಮೇಲೆ ಸಮಯ ಹಾಕಬೇಡಿ.

ತಪ್ಪುವುದು ಎರಡು ಕಡೆ. ಒಂದು ಸಬ್ಸಿಡಿ. 2022-23ರ ಬಜೆಟ್ಟಿನಲ್ಲಿ ರಸಗೊಬ್ಬರಕ್ಕೆ 1.05 ಲಕ್ಷ ಕೋಟಿ ಇಟ್ಟಿದ್ದರು. ಅದೇ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ಅನಿಲದ ಬೆಲೆಯೂ ಗೊಬ್ಬರದ ಬೆಲೆಯೂ ಮೇಲೆ ಹೋಯಿತು, ವರ್ಷದ ಕೊನೆಗೆ ಆ ಸಾಲು 2.51 ಲಕ್ಷ ಕೋಟಿ ಆಗಿತ್ತು. ನಾವು ತೋಟಕ್ಕೆ ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರದೇಶದಿಂದಲೇ ಬರುತ್ತದೆ. ಯೂರಿಯಾ ಚೀಲದ ಬೆಲೆ ರೈತನಿಗೆ ವರ್ಷಗಳಿಂದ ಬದಲಾಗಿಲ್ಲ, ಹಾಗಾಗಿ ಹೊರಗೆ ಎಷ್ಟು ಏರಿದರೂ ಅಷ್ಟೂ ಸರ್ಕಾರದ ಮೇಲೇ ಬೀಳುತ್ತದೆ. ಗೊಬ್ಬರದ ಅಂಗಡಿಯಲ್ಲಿ ನಿಂತು ಮಾತಾಡುವ ರೈತನಿಗೆ ಈ ಸಾಲಿನ ಬಗ್ಗೆ ದೊಡ್ಡ ನಗರದಲ್ಲಿ ಕೂತವರಿಗಿಂತ ಮೊದಲೇ ಸುಳಿವು ಸಿಗುತ್ತದೆ, ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ.

ಆಹಾರ ಸಬ್ಸಿಡಿಯಲ್ಲಿ ಇನ್ನೊಂದು ತರಹದ ಪಾಠ ಇದೆ. ಹಿಂದೆ ಧಾನ್ಯ ಕೊಂಡು ಹಂಚುವ ಆಹಾರ ನಿಗಮಕ್ಕೆ ಕೊಡಬೇಕಾದ ಸಬ್ಸಿಡಿಯಲ್ಲಿ ಒಂದು ಭಾಗವನ್ನು ಬಜೆಟ್ಟಿನಿಂದ ಕೊಡದೆ, ಸಣ್ಣ ಉಳಿತಾಯ ನಿಧಿಯಿಂದ ನಿಗಮಕ್ಕೆ ಸಾಲ ಕೊಡಿಸುತ್ತಿದ್ದರು. ಕೊರತೆ ಚಿಕ್ಕದಾಗಿ ಕಾಣುತ್ತಿತ್ತು. 2020-21ರಲ್ಲಿ ಆ ಸಾಲವನ್ನೆಲ್ಲ ತೀರಿಸಿದಾಗ, ಉಚಿತ ಧಾನ್ಯದ ಖರ್ಚೂ ಸೇರಿ, 1.16 ಲಕ್ಷ ಕೋಟಿ ಅಂದಿದ್ದ ಸಾಲು 5.41 ಲಕ್ಷ ಕೋಟಿ ಆಯಿತು. ಬಜೆಟ್ಟಿನ ಹೊರಗೆ ಏನಿದೆ ಅಂತಲೂ ಒಂದು ಕಣ್ಣಿಡಿ.

ಎರಡನೆಯದು ಬಂಡವಾಳ ವೆಚ್ಚ. ರಸ್ತೆ, ರೈಲು, ರಕ್ಷಣೆ. ಕಾರವಾರದ ಸೀಬರ್ಡ್ ನೌಕಾನೆಲೆಯ ಕಾಮಗಾರಿ, ನಮ್ಮ ಕರಾವಳಿಯ ಹೆದ್ದಾರಿ 66ರ ಅಗಲೀಕರಣ ಎಲ್ಲ ಈ ಬಗೆಯ ಖರ್ಚು. ಹಣ ಇಟ್ಟರೂ ಕೆಲಸ ನಡೆಯದಿದ್ದರೆ ಬಿಲ್ ಆಗುವುದಿಲ್ಲ, ಬಿಲ್ ಆಗದಿದ್ದರೆ ಖರ್ಚಿಲ್ಲ. ಹೆದ್ದಾರಿ ಕೆಲಸ ಮಳೆಗಾಲದಲ್ಲಿ ಹೇಗೆ ನಿಲ್ಲುತ್ತದೆ ಅಂತ ಅಂಕೋಲಾ, ಹೊನ್ನಾವರದವರಿಗೆ ಹೇಳಬೇಕಾಗಿಲ್ಲ. 2024-25ರಲ್ಲಿ 11.11 ಲಕ್ಷ ಕೋಟಿ ಅಂತ ಇಟ್ಟಿದ್ದರು. ಚುನಾವಣೆಯಿಂದ ಮೊದಲ ತಿಂಗಳುಗಳು ನಿಧಾನವಾದವು, ವರ್ಷದ ಕೊನೆಗೆ ತಾತ್ಕಾಲಿಕ ಲೆಕ್ಕದಲ್ಲಿ 10.52 ಲಕ್ಷ ಕೋಟಿ. ಕೊರತೆ ಇಳಿಯಲು ಅದೂ ಒಂದು ಕಾರಣ.

ಸಾಹೇಬ್ರ ದಾರಿಯ ತೊಂದರೆ ಅಂದರೆ ಸಮಯ. ಮತ್ತೆ ಆದಾಯದ ಕಡೆ ಇದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ, ಒಂದು ಸಾಲು ಬಿಟ್ಟು. ಅದು ರಿಸರ್ವ್ ಬ್ಯಾಂಕ್ ಕೊಡುವ ಲಾಭಾಂಶ. 2024ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿ ರಿಸರ್ವ್ ಬ್ಯಾಂಕ್ ಮತ್ತು ಸರ್ಕಾರಿ ಬ್ಯಾಂಕ್ ಎಲ್ಲ ಸೇರಿ 1.02 ಲಕ್ಷ ಕೋಟಿ ಅಂತ ಬರೆದಿದ್ದರು. ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಒಂದೇ 2.11 ಲಕ್ಷ ಕೋಟಿ ಕೊಟ್ಟಿತು. ಜುಲೈ ಬಜೆಟ್ಟಿನಲ್ಲಿ ಕೊರತೆಯ ಗುರಿ 5.1ರಿಂದ 4.9ಕ್ಕೆ ಇಳಿಯಿತು. 2025ರ ಮೇ ತಿಂಗಳಲ್ಲಿ 2.69 ಲಕ್ಷ ಕೋಟಿ. ಒಂದೇ ದಿನದಲ್ಲಿ ಬರುವ ಒಂದೇ ಅಂಕಿ, ಯಾವ ಗುಣಕದಿಂದಲೂ ಸಿಗುವುದಿಲ್ಲ. ಮೇ ಕೊನೆಯವರೆಗೆ ಕಾಯುವುದೇ ಸರಿ.

ತಿಂಗಳ ಲೆಕ್ಕ ಹಿಡಿದು ಹೋಗುವುದು

ಇದು ನನ್ನ ದಾರಿ, ಹಾಗಾಗಿ ಇದರ ತೊಡಕು ನನಗೆ ಚೆನ್ನಾಗಿ ಗೊತ್ತು. ಕೇಂದ್ರದ ಲೆಕ್ಕಪತ್ರ ಮಹಾನಿಯಂತ್ರಕರು, ಅಂದರೆ ಸಿಜಿಎ, ಪ್ರತಿ ತಿಂಗಳ ಜಮಾ ಖರ್ಚನ್ನು ಮುಂದಿನ ತಿಂಗಳ ಕೊನೆಗೆ ಹೊರಗೆ ಬಿಡುತ್ತಾರೆ. ಏಪ್ರಿಲ್ ಲೆಕ್ಕ ಮೇ ಕೊನೆಗೆ, ನವೆಂಬರ್ ಲೆಕ್ಕ ಡಿಸೆಂಬರ್ ಕೊನೆಗೆ. ಇಷ್ಟು ಬೇಗ, ಇಷ್ಟು ವಿವರವಾಗಿ, ಎಲ್ಲರಿಗೂ ಪುಕ್ಕಟೆ ಸಿಗುವುದು ನಮ್ಮ ದೇಶದ ಒಳ್ಳೆಯ ಅಭ್ಯಾಸಗಳಲ್ಲಿ ಒಂದು.

ಆದರೆ ಎಂಟು ತಿಂಗಳಲ್ಲಿ ಇಷ್ಟಾಯಿತು, ಹನ್ನೆರಡು ತಿಂಗಳಿಗೆ ಎಷ್ಟು ಅಂತ ತ್ರೈರಾಶಿ ಹಾಕಿದರೆ ಕೆಟ್ಟಿತು. ಕಾರವಾರದ ಬೈತಖೋಲ್ ಬಂದರಿನ ಮೀನುಗಾರರಲ್ಲಿ ಯಾರಾದರೂ ಜೂನ್, ಜುಲೈ ನೋಡಿ ವರ್ಷಕ್ಕೆ ಎಷ್ಟು ಮೀನು ಸಿಗುತ್ತದೆ ಅಂತ ಹೇಳುತ್ತಾರಾ? ಆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತೆಯೇ ಇಲ್ಲ. ಸರ್ಕಾರದ ಜಮೆಗೂ ಹೀಗೆ ಸುಗ್ಗಿ ಇದೆ, ಬರ ಇದೆ. ಕಂಪನಿಗಳು ಮುಂಗಡ ತೆರಿಗೆ ಕಟ್ಟುವುದು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ಕ್ಕೆ. ಜೂನ್‌ಗೆ ಶೇ 15, ಸೆಪ್ಟೆಂಬರ್‌ಗೆ ಒಟ್ಟು ಶೇ 45, ಡಿಸೆಂಬರ್‌ಗೆ ಶೇ 75, ಮಾರ್ಚ್‌ಗೆ ಪೂರ್ತಿ. ಅಂದರೆ ನವೆಂಬರ್ ಲೆಕ್ಕ ನೋಡುವ ಹೊತ್ತಿಗೆ ಮುಂಗಡ ತೆರಿಗೆಯ ಅರ್ಧಕ್ಕಿಂತ ಜಾಸ್ತಿ ಇನ್ನೂ ಬಂದೇ ಇರುವುದಿಲ್ಲ.

ರಾಜ್ಯಗಳ ಪಾಲು ವರ್ಷಕ್ಕೆ 14 ಕಂತು, ತಿಂಗಳು 12. ಎಲ್ಲೋ ಒಂದೆರಡು ತಿಂಗಳಲ್ಲಿ ಎರಡು ಕಂತು ಒಟ್ಟಿಗೆ ಹೋಗಲೇಬೇಕು. 2024ರ ಅಕ್ಟೋಬರಿನಲ್ಲಿ ಹಬ್ಬದ ಮುಂಚೆ ಒಂದು ಮುಂಗಡ ಕಂತೂ ಸೇರಿಸಿ 1.78 ಲಕ್ಷ ಕೋಟಿ ಬಿಟ್ಟರು. ಇಂಥ ತಿಂಗಳಲ್ಲಿ ಕೇಂದ್ರದ ತೆರಿಗೆ ದಿಢೀರ್ ಬಿದ್ದ ಹಾಗೆ ಕಾಣುತ್ತದೆ, ನಿಜಕ್ಕೂ ಏನೂ ಆಗಿರುವುದಿಲ್ಲ.

ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಸಾಕು ಅಂತ ಹೇಳುವವರಿದ್ದಾರೆ. ಅದೂ ಯಾವಾಗಲೂ ಸರಿಯಲ್ಲ. ಶಿರಸಿ ಪೇಟೆಯ ಅಂಗಡಿಯವರನ್ನು ಕೇಳಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ವರ್ಷದ ವ್ಯಾಪಾರವನ್ನು ಜಾತ್ರೆ ಇಲ್ಲದ ವರ್ಷಕ್ಕೆ ಹೋಲಿಸಿ ವ್ಯಾಪಾರ ಬಿತ್ತು ಅಂತ ಅಳುವ ಅಂಗಡಿಯವನು ನಮ್ಮಲ್ಲಿಲ್ಲ. ಚುನಾವಣೆಯ ವರ್ಷ, ಜುಲೈನಲ್ಲಿ ಬಜೆಟ್ ಬಂದ ವರ್ಷ, ರಿಸರ್ವ್ ಬ್ಯಾಂಕಿನ ಲಾಭಾಂಶ ದೊಡ್ಡದಾಗಿ ಬಂದ ವರ್ಷ, ಇವೆಲ್ಲ ಜಾತ್ರೆ ವರ್ಷದ ಹಾಗೆ. 2024ರ ನವೆಂಬರ್ ಕೊನೆಗೆ ಕೊರತೆ ಗುರಿಯ ಶೇ 52.5 ಮಾತ್ರ ಆಗಿತ್ತು. 2018ರ 114.8 ನೆನಪಿಟ್ಟುಕೊಂಡವನಿಗೆ ಇದು ನಂಬಲಾಗದ ಸಾಧನೆ ಅಂತ ಕಾಣಬಹುದು. ಆದರೆ ಲಾಭಾಂಶ ಮೇ ತಿಂಗಳಲ್ಲೇ ಬಂದಿತ್ತು, ಖರ್ಚು ತಡವಾಗಿತ್ತು. ವರ್ಷ ಮುಗಿದಾಗ ಗುರಿಯ ಹತ್ತಿರವೇ ನಿಂತಿತು.

ಹಾಗಾದರೆ ಹೇಗೆ ನೋಡಬೇಕು? ಕೊರತೆಯ ಶೇಕಡಾವನ್ನು ಬಿಡಿ. ತೆರಿಗೆ ಬೇರೆ, ತೆರಿಗೆಯಲ್ಲದ್ದು ಬೇರೆ, ದಿನನಿತ್ಯದ ಖರ್ಚು ಬೇರೆ, ಬಂಡವಾಳ ಬೇರೆ. ಕಳೆದ ಐದು ವರ್ಷಗಳಲ್ಲಿ ಇಡೀ ವರ್ಷದ ನಿಜದ ಅಂಕಿಯಲ್ಲಿ ನವೆಂಬರ್ ವೇಳೆಗೆ ಎಷ್ಟು ಪಾಲು ಬಂದಿತ್ತು ಅಂತ ಪ್ರತಿಯೊಂದಕ್ಕೂ ತೆಗೆಯಿರಿ, ವಿಚಿತ್ರ ವರ್ಷಗಳನ್ನು ಪಕ್ಕಕ್ಕಿಡಿ, ಉಳಿದವುಗಳ ಸರಾಸರಿ ಇಟ್ಟುಕೊಳ್ಳಿ. ಗುರಿಗೆ ಹೋಲಿಸಬೇಡಿ, ನಿಜದ ಅಂಕಿಗೆ ಹೋಲಿಸಿ. ನನ್ನ 2019ರ ತಪ್ಪು ಅಲ್ಲೇ ಇತ್ತು: 114.8 ಅನ್ನುವುದು ಗುರಿಯ ಶೇಕಡಾ, ಗುರಿಯೇ ಸುಳ್ಳಾದಾಗ ಆ ಶೇಕಡಾಕ್ಕೆ ಅರ್ಥ ಇರಲಿಲ್ಲ. ಕೇಂದ್ರ ಹಣಕಾಸು ಸಚಿವಾಲಯದ ಒಂದು ನಿಯಮವೂ ಸಹಾಯಕ್ಕೆ ಬರುತ್ತದೆ. ಇಲಾಖೆಗಳು ಕೊನೆಯ ಮೂರು ತಿಂಗಳಲ್ಲಿ ಬಜೆಟ್ಟಿನ ಶೇ 33ಕ್ಕಿಂತ, ಮಾರ್ಚ್ ಒಂದರಲ್ಲೇ ಶೇ 15ಕ್ಕಿಂತ ಜಾಸ್ತಿ ಖರ್ಚು ಮಾಡಬಾರದು ಅಂತ ಇದೆ. ಡಿಸೆಂಬರ್ ವೇಳೆಗೆ ಯಾವುದಾದರೂ ಇಲಾಖೆ ಅರ್ಧವನ್ನೂ ಖರ್ಚು ಮಾಡಿಲ್ಲ ಅಂದರೆ ಅಲ್ಲಿ ಹಣ ಉಳಿಯುತ್ತದೆ ಅಂತ ಬರೆದುಕೊಳ್ಳಬಹುದು.

ಕಂಪ್ಯೂಟರ್, ಮತ್ತೆ ಬೇರೆಯವರ ಅಂಕಿ

ಅಕ್ಕನ ಮಗ ಹಳೇ ಅಂಕಿಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು ಮುಂದಿನದನ್ನು ಹೇಳಿಸುತ್ತಾನೆ. ತಿಂಗಳ ತೆರಿಗೆಗೆ ಅದು ಚೆನ್ನಾಗಿಯೇ ಬರುತ್ತದೆ, ಸುಗ್ಗಿ ಬರ ಎಲ್ಲ ಅದೇ ಕಲಿಯುತ್ತದೆ. ವರ್ಷದ ಕೊರತೆಗೆ ಬರುವುದಿಲ್ಲ. ವರ್ಷಕ್ಕೆ ಒಂದೇ ಅಂಕಿ, ಅದರಲ್ಲೂ 2017ರಲ್ಲಿ ಜಿಎಸ್‌ಟಿ ಬಂತು, ರೈಲ್ವೆ ಬಜೆಟ್ ಒಳಗೆ ಸೇರಿತು, ಬಜೆಟ್ ದಿನ ಫೆಬ್ರವರಿ 1ಕ್ಕೆ ಬಂತು. ಅದಕ್ಕಿಂತ ಹಿಂದಿನದು ಬೇರೆಯೇ ಲೋಕ. ಆಮೇಲೆ ಕೊರೊನಾ. ಕಲಿಯಲು ಉಳಿದ ವರ್ಷಗಳು ಬೆರಳೆಣಿಕೆ. "ಮಾವ, ಡೇಟಾ ಸಾಲುವುದಿಲ್ಲ" ಅಂತ ಅವನೇ ಹೇಳುತ್ತಾನೆ.

ರಿಸರ್ವ್ ಬ್ಯಾಂಕ್ ಎರಡು ತಿಂಗಳಿಗೊಮ್ಮೆ ವೃತ್ತಿಪರ ಅಂದಾಜುಗಾರರ ಸಮೀಕ್ಷೆ ಹೊರಗೆ ಬಿಡುತ್ತದೆ, ಅದರಲ್ಲಿ ಕೇಂದ್ರದ ಕೊರತೆಯೂ ಇರುತ್ತದೆ. ನಿಮ್ಮ ಅಂಕಿ ಬರೆದಾದ ಮೇಲೆ ನೋಡಿ, ಮೊದಲು ನೋಡಬೇಡಿ. ಮೊದಲು ನೋಡಿದರೆ ಮನಸ್ಸು ಅಲ್ಲಿಗೇ ಎಳೆಯುತ್ತದೆ.

ಹಾಗಾದರೆ ಯಾವುದನ್ನು ಹಿಡಿಯಬೇಕು

ತಿಂಗಳು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಫೆಬ್ರವರಿಯಿಂದ ಮೇವರೆಗೆ ಕೊರತೆಗೆ ಸರ್ಕಾರದ ಅಂಕಿ, ತೆರಿಗೆಗೆ ಐದು ಗುಣಕ, ಖರ್ಚಿಗೆ ಗೊಬ್ಬರ ಮತ್ತು ಬಂಡವಾಳದ ಎರಡು ಸಾಲು. ಇಷ್ಟು ಸಾಕು. ಮೇ 31 ಬಹಳ ಮುಖ್ಯ ದಿನ. ಹಿಂದಿನ ವರ್ಷದ ನಿಜದ ಅಂಕಿ ಬರುತ್ತದೆ, ಅಷ್ಟರೊಳಗೆ ರಿಸರ್ವ್ ಬ್ಯಾಂಕಿನ ಲಾಭಾಂಶವೂ ಗೊತ್ತಾಗಿರುತ್ತದೆ. ಬುಡ ಸರಿಮಾಡಿ ಗುಣಕವನ್ನು ಮತ್ತೆ ಹಾಕಿ. ತಲುಪಲು ಬೇಕಾದ ಏರಿಕೆ ಜಿಡಿಪಿಯ ಏರಿಕೆಗಿಂತ ಒಂದೂವರೆ ಪಟ್ಟು ಮೀರಿದರೆ ಬಜೆಟ್ಟಿನ ತೆರಿಗೆಯನ್ನು ನಂಬಬೇಡಿ, ನಿಮ್ಮದೇ ಅಂಕಿ ಇಡಿ.

ಸೆಪ್ಟೆಂಬರ್ ಲೆಕ್ಕ ಅಕ್ಟೋಬರ್ ಕೊನೆಗೆ ಬಂದ ಮೇಲೆ ತಿಂಗಳ ಲೆಕ್ಕದ ಕಡೆ ವಾಲಿ. ಅದಕ್ಕಿಂತ ಮೊದಲು ತಿಂಗಳ ಲೆಕ್ಕ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಎರಡನೇ ಮುಂಗಡ ತೆರಿಗೆ ಬರುವವರೆಗೆ ಅದರಲ್ಲಿ ಸುದ್ದಿ ಕಡಿಮೆ. ಡಿಸೆಂಬರ್‌ನಲ್ಲಿ ಸಂಸತ್ತಿಗೆ ಪೂರಕ ಅಂದಾಜು, ಅಂದರೆ ಹೆಚ್ಚುವರಿ ಖರ್ಚಿಗೆ ಒಪ್ಪಿಗೆ ಕೇಳುವ ಪಟ್ಟಿ, ಬರುತ್ತದೆ. ಅದರಲ್ಲಿ ದೊಡ್ಡ ಒಟ್ಟು ಮೊತ್ತ ನೋಡಿ ಬೆಚ್ಚಬೇಡಿ, ನಿಜಕ್ಕೂ ಹೊರಗೆ ಹೋಗುವ ಹೊಸ ಹಣ ಎಷ್ಟು ಅಂತ ಬೇರೆ ಬರೆದಿರುತ್ತಾರೆ, ಅದಷ್ಟೇ ಲೆಕ್ಕಕ್ಕೆ. ಜನವರಿ ಮೊದಲ ವಾರ ಜಿಡಿಪಿಯ ಮೊದಲ ಮುಂಗಡ ಅಂದಾಜು ಬಂದಾಗ ಶೇಕಡಾವನ್ನು ತಿದ್ದಿ.

ಫೆಬ್ರವರಿ 1ರ ಪರಿಷ್ಕೃತ ಅಂದಾಜು ಬಂದ ಮೇಲೆ ನಾನು ಅದಕ್ಕಿಂತ ಒಂದು ಕೂದಲು ಕೆಳಗೆ ಇಡುತ್ತೇನೆ. 2020-21ರಲ್ಲಿ ಪರಿಷ್ಕೃತ 9.5, ಆಗಿದ್ದು 9.2. 2021-22ರಲ್ಲಿ 6.9, ಆಗಿದ್ದು 6.7. 2023-24ರಲ್ಲಿ 5.8, ಆಗಿದ್ದು 5.6. ಇತ್ತೀಚೆಗೆ ಅವರು ಸ್ವಲ್ಪ ಕೈ ಹಿಡಿದೇ ಬರೆಯುತ್ತಿದ್ದಾರೆ. ಆದರೆ 2019-20ರಲ್ಲಿ ಪರಿಷ್ಕೃತ 3.8 ಅಂದಿದ್ದು 4.6 ಆಯಿತು. ಆ ಪುಟವನ್ನು ನಮ್ಮ ಪುಸ್ತಕದಲ್ಲಿ ಮಡಚಿ ಇಟ್ಟಿದ್ದೇನೆ.

ನಿಮ್ಮ ಕೈಯಲ್ಲಿ ಒಂದೇ ಗಂಟೆ ಇದ್ದರೆ, ಮೇ 31ರ ಲೆಕ್ಕ ತೆಗೆದು, ಬಜೆಟ್ಟಿನ ಒಟ್ಟು ತೆರಿಗೆಯನ್ನು ಹಿಂದಿನ ವರ್ಷದ ನಿಜದ ತೆರಿಗೆಯಿಂದ ಭಾಗಿಸಿ ನೋಡಿ. ಅಷ್ಟಕ್ಕೇ ಸಮಯ ಸಿಕ್ಕರೂ ಸಾಕು. ಒಂದು ವಾರ ಇದ್ದರೆ ಸಾಹೇಬ್ರ ಹಾಗೆ ಖರ್ಚಿನ ಸಾಲುಗಳಿಗೆ ಇಳಿಯಿರಿ. ಸಂಘದ ಠೇವಣಿ ನೋಡುವವರು ಈ ಎಲ್ಲದರ ಜೊತೆಗೆ ಸೆಪ್ಟೆಂಬರ್ ಕೊನೆಗೆ ಬರುವ ಸಾಲದ ಪಟ್ಟಿಯನ್ನೂ ನೋಡಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕೇಂದ್ರ ಎಷ್ಟು ಸಾಲ ಎತ್ತುತ್ತದೆ, ಯಾವ ವಾರ ಎಷ್ಟು, ಎಷ್ಟು ವರ್ಷದ ಬಾಂಡ್ ಅಂತ ಅದರಲ್ಲೇ ಇರುತ್ತದೆ. ನಮ್ಮ ಸಂಘದಲ್ಲಿ ಮೂರು ವರ್ಷದ ಠೇವಣಿಯೋ ಐದು ವರ್ಷದ್ದೋ ಅಂತ ತೀರ್ಮಾನ ಮಾಡುವ ಸಭೆಯನ್ನು ಈಗ ಆ ಪಟ್ಟಿ ಬಂದ ಮೇಲೆ, ಅಕ್ಟೋಬರ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದೇವೆ.